ಹೆಸರು ನೋಡಿ ಕೊಂಡ ಆಟಗಾರರು: ಏಂಜಲ್ಸ್ ಬೇಸ್‌ಬಾಲ್ ತಂಡ ಕೈ ಸುಟ್ಟುಕೊಂಡ ಪ್ರಕರಣ

2011ರ ಡಿಸೆಂಬರ್ 8ರಂದು ಲಾಸ್ ಏಂಜಲೀಸ್ ಏಂಜಲ್ಸ್ ಅನ್ನೋ ಬೇಸ್‌ಬಾಲ್ ತಂಡ ಒಂದೇ ದಿನ ಇಬ್ಬರು ಆಟಗಾರರಿಗೆ ಒಟ್ಟು 31.75 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಒಬ್ಬರು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಆಲ್ಬರ್ಟ್ ಪೂಹೋಲ್ಸ್, 10 ವರ್ಷಕ್ಕೆ 24 ಕೋಟಿ. ಇನ್ನೊಬ್ಬರು ಟೆಕ್ಸಸ್ ರೇಂಜರ್ಸ್‌ನ ಪಿಚರ್ (ಚೆಂಡೆಸೆಯುವ ಆಟಗಾರ) ಸಿ.ಜೆ. ವಿಲ್ಸನ್, 5 ವರ್ಷಕ್ಕೆ 7.75 ಕೋಟಿ. ಎರಡು ದಿನ ಬಿಟ್ಟು ತಂಡದ ಊರಾದ ಅನಹೈಮ್‌ನ ಸ್ಟೇಡಿಯಂ ಹೊರಗೆ ಸಾವಿರಾರು ಜನರ ಮುಂದೆ ಇಬ್ಬರನ್ನೂ ಪರಿಚಯ ಮಾಡಿಕೊಟ್ಟರು. ಮರುವರ್ಷದ ಡಿಸೆಂಬರ್‌ನಲ್ಲಿ ಜಾಶ್ ಹ್ಯಾಮಿಲ್ಟನ್ ಬಂದರು, 5 ವರ್ಷಕ್ಕೆ 12.5 ಕೋಟಿ. 2019ರ ಡಿಸೆಂಬರ್‌ನಲ್ಲಿ ಆಂಥನಿ ರೆಂಡಾನ್, 7 ವರ್ಷಕ್ಕೆ 24.5 ಕೋಟಿ.

ನಾಲ್ವರದ್ದೂ ಕೂಡಿದರೆ 68.75 ಕೋಟಿ ಡಾಲರ್. ಇಷ್ಟು ಸುರಿದ ತಂಡ 2012ರಿಂದ 2025ರವರೆಗಿನ 14 ಸೀಸನ್‌ಗಳಲ್ಲಿ ಪ್ಲೇಆಫ್ ಮುಟ್ಟಿದ್ದು ಒಂದೇ ಸಲ, 2014ರಲ್ಲಿ. ಅಲ್ಲೂ ಕಾನ್ಸಾಸ್ ಸಿಟಿ ರಾಯಲ್ಸ್ ಎದುರು ಮೂರಕ್ಕೆ ಮೂರೂ ಪಂದ್ಯ ಸೋತು ಮನೆಗೆ ಬಂತು. ಈ ಅವಧಿಯುದ್ದಕ್ಕೂ ಮೈಕ್ ಟ್ರೌಟ್ ಈ ತಂಡದಲ್ಲೇ ಇದ್ದರು. ಆರು ವರ್ಷ ಶೋಹೆ ಒಹ್ತಾನಿಯೂ ಇದ್ದರು. ಈ ತಲೆಮಾರಿನ ಇಬ್ಬರು ಅತ್ಯುತ್ತಮ ಆಟಗಾರರು ಒಂದೇ ಡಗ್‌ಔಟ್‌ನಲ್ಲಿ ಕೂತಿದ್ದಾಗಲೂ ತಂಡ ಗೆಲ್ಲಲಿಲ್ಲ ಅಂದರೆ ನಂಬೋದು ಕಷ್ಟ, ಅಲ್ವಾ?

"ಸುಮ್ನೆ ಜಾಸ್ತಿ ದುಡ್ಡು ಕೊಟ್ಟರು" ಅಂತ ಹೇಳಿ ಮುಗಿಸಿಬಿಡಬಹುದು. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ತಂಡದಲ್ಲಿ ತೂತು ಎಲ್ಲಿದೆ ಅಂತ ಮೊದಲು ನೋಡಬೇಕಿತ್ತು. ಅವರು ಮಾರುಕಟ್ಟೆಯಲ್ಲಿ ಅತಿ ದೊಡ್ಡ ಹೆಸರು ಯಾವುದು ಅಂತ ನೋಡಿದರು.

ಕೈಬಿಡಲು ಆಗದ ಒಪ್ಪಂದ

ಐಪಿಎಲ್ ನೋಡುವವರಿಗೆ ಒಂದು ವಿಷಯ ಮೊದಲೇ ಹೇಳಿಬಿಡಬೇಕು. 2014ರಲ್ಲಿ ನಮ್ಮ ಆರ್‌ಸಿಬಿ ಯುವರಾಜ್ ಸಿಂಗ್ ಅವರನ್ನು 14 ಕೋಟಿ ರೂಪಾಯಿಗೆ ಕೊಂಡಿತು. ಅಂದುಕೊಂಡಷ್ಟು ಫಲ ಸಿಗಲಿಲ್ಲ. ಒಂದೇ ಸೀಸನ್ ಆದ ಮೇಲೆ ಕೈಬಿಟ್ಟರು, ಆ ದುಡ್ಡು ಮುಂದಿನ ಹರಾಜಿಗೆ ವಾಪಸ್ ಸಿಕ್ಕಿತು. ತಪ್ಪು ಮಾಡಿದರೂ ಒಂದು ವರ್ಷದಲ್ಲಿ ಕೈ ತೊಳೆದುಕೊಳ್ಳಬಹುದು.

ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆ ದಾರಿ ಇಲ್ಲ. ಅಲ್ಲಿ ಹರಾಜು ಇಲ್ಲ. ಆರು ವರ್ಷ ಸೇವೆ ಮುಗಿಸಿದ ಆಟಗಾರ ಒಪ್ಪಂದ ಮುಗಿದ ಮೇಲೆ ಫ್ರೀ ಏಜೆಂಟ್ ಆಗುತ್ತಾನೆ, ಯಾವ ತಂಡದ ಜೊತೆಗಾದರೂ ಮಾತಾಡಬಹುದು. ತಂಡ ಇಷ್ಟೇ ಖರ್ಚು ಮಾಡಬೇಕು ಅಂತ ಗಟ್ಟಿ ಮಿತಿ ಇಲ್ಲ. ಒಂದು ಗೆರೆ ದಾಟಿದರೆ ಲಕ್ಷುರಿ ಟ್ಯಾಕ್ಸ್ ಕಟ್ಟಬೇಕು, ಅಷ್ಟೇ. ಆದರೆ ಒಮ್ಮೆ ಸಹಿ ಬಿದ್ದರೆ ಹಣ ಪೂರ್ತಿ ಖಚಿತ. ಆಟಗಾರ ಗಾಯಗೊಂಡರೂ, ಫಾರ್ಮ್ ಕಳೆದುಕೊಂಡರೂ, ತಂಡವೇ ಅವನನ್ನು ಹೊರಗೆ ಹಾಕಿದರೂ ಕೊನೆಯ ಡಾಲರ್ ತನಕ ಕೊಡಲೇಬೇಕು.

ಇನ್ನೊಂದು ತೊಡಕು ವಯಸ್ಸಿನದ್ದು. ಆರು ವರ್ಷ ಆಡಿ ಫ್ರೀ ಏಜೆಂಟ್ ಆಗುವ ಹೊತ್ತಿಗೆ ಸಾಮಾನ್ಯವಾಗಿ 29, 30, 31 ಆಗಿರುತ್ತದೆ. ಬ್ಯಾಟರ್‌ನ ಒಳ್ಳೆಯ ವರ್ಷಗಳು 26ರಿಂದ 30ರ ಆಸುಪಾಸು. ಅಂದರೆ ಆ ಒಳ್ಳೆಯ ವರ್ಷಗಳ ಬಹುಪಾಲು ಹಳೇ ತಂಡದ ಲೆಕ್ಕಕ್ಕೆ ಹೋಗಿರುತ್ತದೆ, ಇಳಿಯುವ ಕಾಲದ ಬಿಲ್ ಹೊಸ ತಂಡಕ್ಕೆ ಬರುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೊಳ್ಳುತ್ತಾರೆ. ಯಾಕೆ ಅಂತ ಅರ್ಥ ಆಗಬೇಕಾದರೆ ಈ ತಂಡದ ಮಾಲೀಕರ ಬಗ್ಗೆ ಸ್ವಲ್ಪ ತಿಳಿದಿರಬೇಕು.

ಮೊದಲ ಏಟಿಗೇ ಸಿಕ್ಕ ಗೆಲುವು

ಆರ್ಟೆ ಮೊರೆನೊ ರಸ್ತೆ ಬದಿಯ ಜಾಹೀರಾತು ಫಲಕಗಳ ವ್ಯಾಪಾರದಲ್ಲಿ ದುಡ್ಡು ಮಾಡಿದವರು. 2003ರಲ್ಲಿ ಡಿಸ್ನಿ ಕಂಪನಿಯಿಂದ ಏಂಜಲ್ಸ್ ತಂಡವನ್ನು ಸುಮಾರು 18.4 ಕೋಟಿ ಡಾಲರ್‌ಗೆ ಕೊಂಡರು. ಬಂದವರೇ ಸ್ಟೇಡಿಯಂನಲ್ಲಿ ಬಿಯರ್ ಬೆಲೆ ಇಳಿಸಿದರು. ಜನ ಖುಷಿಯಾದರು. ಆ ಚಳಿಗಾಲದಲ್ಲೇ ಪಿಚರ್ ಬಾರ್ಟೋಲೊ ಕೊಲೋನ್ ಮತ್ತು ಬ್ಯಾಟರ್ ವ್ಲಾಡಿಮಿರ್ ಗೆರೆರೊ ಅವರನ್ನು ದೊಡ್ಡ ದುಡ್ಡಿಗೆ ಕರೆತಂದರು. ಗೆರೆರೊ 2004ರಲ್ಲೇ ಲೀಗ್‌ನ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ ಆದರು. 2005ರಲ್ಲಿ ಕೊಲೋನ್ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. 2004ರಿಂದ 2009ರ ನಡುವೆ ಆರರಲ್ಲಿ ಐದು ಸಲ ತಂಡ ತನ್ನ ವಿಭಾಗದ, ಅಂದರೆ ಲೀಗ್‌ನೊಳಗಿನ ತನ್ನ ಗುಂಪಿನ, ಅಗ್ರಸ್ಥಾನ ಪಡೆಯಿತು.

ಮೊದಲ ಸಲ ಜೂಜಾಡಿದವನಿಗೆ ಗೆಲುವು ಸಿಕ್ಕರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗೆರೆರೊ ಸಹಿ ಹಾಕಿದಾಗ ಅವರಿಗೆ 28, ಇನ್ನೂ ಏರುವ ವಯಸ್ಸು. ಒಪ್ಪಂದ ಐದೇ ವರ್ಷದ್ದು, 7 ಕೋಟಿ ಡಾಲರ್. ಆ ಯಶಸ್ಸಿನ ಹಿಂದಿನ ಈ ಎರಡು ಸಂಗತಿಗಳು ಮುಂದೆ ಮರೆತುಹೋದವು. ದೊಡ್ಡ ಹೆಸರು ತಂದರೆ ತಂಡ ಗೆಲ್ಲುತ್ತದೆ ಅನ್ನೋದು ಮಾತ್ರ ನೆನಪಿನಲ್ಲಿ ಉಳಿಯಿತು.

2010-11ರ ಚಳಿಗಾಲದಲ್ಲಿ ಏಂಜಲ್ಸ್ ಕಣ್ಣು ಇಬ್ಬರ ಮೇಲಿತ್ತು: ಕಾರ್ಲ್ ಕ್ರಾಫರ್ಡ್ ಮತ್ತು ಏಡ್ರಿಯನ್ ಬೆಲ್ಟ್ರೆ. ಕ್ರಾಫರ್ಡ್ 7 ವರ್ಷಕ್ಕೆ 14.2 ಕೋಟಿ ಪಡೆದು ಬಾಸ್ಟನ್‌ಗೆ ಹೋದರು, ಅಲ್ಲಿ ಪೂರ್ತಿ ಮಂಕಾದರು. ಅದೊಂದು ಅಪಾಯ ತಪ್ಪಿತು. ಬೆಲ್ಟ್ರೆ 5 ವರ್ಷಕ್ಕೆ ಸುಮಾರು 8 ಕೋಟಿಗೆ ಟೆಕ್ಸಸ್ ಸೇರಿದರು. ಆಗ ಅವರಿಗೆ 31. ವಯಸ್ಸಿನ ಲೆಕ್ಕ ನೋಡಿದರೆ ಅವರೂ ಇಳಿಯಬೇಕಿತ್ತು. ಇಳಿಯಲಿಲ್ಲ. ಎಂಟು ಸೀಸನ್ ಟೆಕ್ಸಸ್‌ಗೆ ಆಡಿದರು, 3000 ಹಿಟ್ (ಔಟ್ ಆಗದೆ ಬೇಸ್ ಮುಟ್ಟಿಸುವ ಹೊಡೆತ) ದಾಟಿದರು, 2024ರಲ್ಲಿ ಹಾಲ್ ಆಫ್ ಫೇಮ್‌ಗೆ ಹೋದರು. ಹಾಗಾಗಿ "ಮೂವತ್ತು ದಾಟಿದವರನ್ನು ಕೊಳ್ಳಲೇಬಾರದು" ಅನ್ನೋ ಸೂತ್ರವೂ ಸರಿಯಿಲ್ಲ.

ಇಬ್ಬರೂ ಕೈತಪ್ಪಿದ ಮೇಲೆ ಏಂಜಲ್ಸ್ ಅವಸರಕ್ಕೆ ಬಿದ್ದರು. ಜನವರಿಯಲ್ಲಿ ಟೊರಾಂಟೊದಿಂದ ವರ್ನನ್ ವೆಲ್ಸ್ ಅವರನ್ನು ಅದಲು ಬದಲಿನಲ್ಲಿ ತಂದರು. ಅವರ ಒಪ್ಪಂದದಲ್ಲಿ ಇನ್ನೂ ನಾಲ್ಕು ವರ್ಷ, 8.6 ಕೋಟಿ ಬಾಕಿ ಇತ್ತು. ಟೊರಾಂಟೊ ಅದರಲ್ಲಿ 50 ಲಕ್ಷ ಮಾತ್ರ ತಾನು ಹೊತ್ತುಕೊಂಡಿತು. ಬದಲಿಗೆ ಏಂಜಲ್ಸ್ ಕೊಟ್ಟವರಲ್ಲಿ ಮೈಕ್ ನಪೋಲಿ ಒಬ್ಬರು. ನಪೋಲಿ ಟೊರಾಂಟೊದಿಂದ ಟೆಕ್ಸಸ್‌ಗೆ ದಾಟಿ ಆ ವರ್ಷ .320 ಸರಾಸರಿಯಲ್ಲಿ (ಸಾವಿರ ಸಲ ಬ್ಯಾಟ್ ಮಾಡಿದರೆ 320 ಹಿಟ್) 30 ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ ಬೇಲಿಯಾಚೆ ಹೋಗುವ ಹೊಡೆತ) ಹೊಡೆದರು, ತಂಡದ ಜೊತೆ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಒಳಗಿನ ಎರಡು ಲೀಗ್‌ಗಳನ್ನು ಗೆದ್ದವರ ನಡುವಿನ ಅಂತಿಮ ಸರಣಿ, ಆಡಿದರು. ವೆಲ್ಸ್ ಸರಾಸರಿ .218.

ಪೂಹೋಲ್ಸ್

ಆಲ್ಬರ್ಟ್ ಪೂಹೋಲ್ಸ್ ಸೇಂಟ್ ಲೂಯಿಸ್‌ನಲ್ಲಿ 11 ವರ್ಷ ಆಡಿದ್ದು ಬೇಸ್‌ಬಾಲ್ ಇತಿಹಾಸದ ಅತ್ಯುತ್ತಮ ಅವಧಿಗಳಲ್ಲಿ ಒಂದು. 445 ಹೋಮ್ ರನ್, .328 ಸರಾಸರಿ, ಮೂರು ಎಂವಿಪಿ, ಎರಡು ವರ್ಲ್ಡ್ ಸೀರೀಸ್. .300 ದಾಟಿದವರನ್ನೇ ಒಳ್ಳೆಯ ಬ್ಯಾಟರ್ ಅನ್ನುತ್ತಾರೆ, ಇವರು 11 ವರ್ಷದ ಸರಾಸರಿಯಲ್ಲೇ .328 ಹೊಡೆದವರು. ಎರಡನೇ ವರ್ಲ್ಡ್ ಸೀರೀಸ್ ಗೆದ್ದು ಆರು ವಾರಕ್ಕೆ ಏಂಜಲ್ಸ್ ಸೇರಿದರು.

ಒಪ್ಪಂದದ ಕಂತುಗಳನ್ನು ನೋಡಿದರೆ ಮಾಲೀಕರ ಮನಸ್ಸು ಕಾಣುತ್ತದೆ. 2012ಕ್ಕೆ 1.2 ಕೋಟಿ. 2013ಕ್ಕೆ 1.6. ಆಮೇಲೆ 2.3, 2.4, 2.5 ಅಂತ ಏರುತ್ತಾ ಹೋಗಿ, ಕೊನೆಯ 2021ಕ್ಕೆ 3 ಕೋಟಿ. ಚೆನ್ನಾಗಿ ಆಡುವ ಸಾಧ್ಯತೆ ಜಾಸ್ತಿ ಇರುವ 32ನೇ ವಯಸ್ಸಿಗೆ ಅತಿ ಕಡಿಮೆ, 41ನೇ ವಯಸ್ಸಿಗೆ ಅತಿ ಜಾಸ್ತಿ. ಈಗ ಇನ್ನೂ ಕೆಲವರನ್ನು ಕೊಳ್ಳಲು ಜಾಗ ಇರಲಿ, ಆಮೇಲಿನದು ಆಮೇಲೆ ನೋಡೋಣ ಅನ್ನೋ ಲೆಕ್ಕ.

ಶುರುವೇ ಎಡವಿತು. 2012ರ ಏಪ್ರಿಲ್ ಪೂರ್ತಿ ಪೂಹೋಲ್ಸ್ ಬ್ಯಾಟ್‌ನಿಂದ ಒಂದೂ ಹೋಮ್ ರನ್ ಬರಲಿಲ್ಲ. ಮೊದಲನೆಯದು ಬಂದದ್ದು ಮೇ 6ಕ್ಕೆ. ಆ ವರ್ಷ ಕೊನೆಗೆ 30 ಹೋಮ್ ರನ್ ಹೊಡೆದರು, ತೀರಾ ಕೆಟ್ಟದ್ದೇನಲ್ಲ. ಆದರೆ ಮರುವರ್ಷ ಪಾದದ ಅಡಿಯ ನೋವು ಜೋರಾಗಿ 99 ಪಂದ್ಯಕ್ಕೇ ನಿಂತರು. ಕಾಲು ಹೋದ ಮೇಲೆ ಆಟದ ಸ್ವರೂಪವೇ ಬದಲಾಯಿತು. ಓಡಲು ಆಗದ ಕಾರಣ ನೆಲದ ಮೇಲೆ ಉರುಳಿದ ಚೆಂಡೆಲ್ಲ ಔಟ್ ಆಗತೊಡಗಿತು. ಎದುರಾಳಿಗಳು ಎಡಬದಿಗೆ ಫೀಲ್ಡರ್‌ಗಳನ್ನು ಗುಡ್ಡೆ ಹಾಕಿ ನಿಲ್ಲಿಸಿದರು. ಒಂದೇ ಹೊಡೆತಕ್ಕೆ ಇಬ್ಬರು ಔಟ್ ಆಗುವ ಡಬಲ್ ಪ್ಲೇಗೆ ಅತಿ ಹೆಚ್ಚು ಸಲ ಸಿಕ್ಕಿಬಿದ್ದವರ ದಾಖಲೆ ಈಗ ಅವರ ಹೆಸರಲ್ಲೇ ಇದೆ.

ಮೈಲಿಗಲ್ಲುಗಳು ಮಾತ್ರ ಒಂದಾದ ಮೇಲೊಂದು ಬಂದವು. 2014ರಲ್ಲಿ 500ನೇ ಹೋಮ್ ರನ್, 2017ರಲ್ಲಿ 600ನೆಯದು, 2018ರಲ್ಲಿ 3000ನೇ ಹಿಟ್. ಪ್ರತಿ ಸಲವೂ ಚಪ್ಪಾಳೆ, ಟಿವಿ, ಟಿಕೆಟ್. ಅದೇ 2017ರಲ್ಲಿ ಅವರ ಸರಾಸರಿ .241. ಜನ ಚಪ್ಪಾಳೆ ತಟ್ಟಿದ್ದು ಸೇಂಟ್ ಲೂಯಿಸ್‌ನಲ್ಲಿ ಕೂಡಿಟ್ಟ ಮೊತ್ತಕ್ಕೆ. ಏಂಜಲ್ಸ್ ಪರ ಹತ್ತು ಸೀಸನ್‌ಗಳ ಸರಾಸರಿ .256.

ಮನುಷ್ಯನ ಬಗ್ಗೆ ದೂರಿಲ್ಲ, ಇದನ್ನೂ ಹೇಳಬೇಕು. ನೋವಿನಲ್ಲೂ ಆಡಿದರು, ಕಿರಿಯರಿಗೆ ಹೇಳಿಕೊಟ್ಟರು. ಸಮಸ್ಯೆ ಆಗಿದ್ದು ಅವರನ್ನು ಪಕ್ಕಕ್ಕೆ ಕೂರಿಸುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನೋದರಲ್ಲಿ. ಅಷ್ಟು ದುಡ್ಡು ತಗೊಳ್ಳೋ ಆಟಗಾರ ಬೆಂಚ್ ಮೇಲೆ ಕೂತರೆ ಕೊಟ್ಟವರ ಮಾನ ಹೋಗುತ್ತದೆ. ಹಾಗಾಗಿ ವರ್ಷಗಟ್ಟಲೆ ಬ್ಯಾಟಿಂಗ್ ಕ್ರಮದ ನಡುವೆ ಅವರ ಜಾಗ ಕಾಯಂ. ಕೊನೆಗೆ 2021ರ ಮೇ 6ರಂದು, ಸರಾಸರಿ .198 ಇದ್ದಾಗ, ತಂಡ ಅವರನ್ನು ಪಟ್ಟಿಯಿಂದ ತೆಗೆಯಿತು. ಬ್ಯಾಟ್ ಮಾತ್ರ ಮಾಡುವ ಸ್ಥಾನ ಒಹ್ತಾನಿಗೆ ಬೇಕಿತ್ತು, ಮೊದಲ ಬೇಸ್‌ಗೆ ಜೇರೆಡ್ ವಾಲ್ಶ್ ಇದ್ದರು.

ಮರುವರ್ಷ ಪೂಹೋಲ್ಸ್ 25 ಲಕ್ಷ ಡಾಲರ್‌ಗೆ ಸೇಂಟ್ ಲೂಯಿಸ್‌ಗೆ ವಾಪಸ್ ಹೋದರು. ಅಲ್ಲಿ ಅವರನ್ನು ಹೆಚ್ಚಾಗಿ ಎಡಗೈ ಪಿಚರ್‌ಗಳ ಎದುರು ಅಳೆದು ತೂಗಿ ಇಳಿಸಿದರು. 42ನೇ ವಯಸ್ಸಿನಲ್ಲಿ 24 ಹೋಮ್ ರನ್ ಹೊಡೆದು, 700 ದಾಟಿ, 703ಕ್ಕೆ ನಿವೃತ್ತರಾದರು.

ಬಿಟ್ಟಾಗ ಬಂದದ್ದು, ಕೊಂಡಾಗ ಹೋದದ್ದು

ಈ ಪ್ರಕರಣದಲ್ಲಿ ನನಗೆ ಅತಿ ರುಚಿಯ ಭಾಗ ಇದು. ಪ್ರತಿ ವರ್ಷ ಶಾಲೆ, ಕಾಲೇಜಿನ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಆಗಿನ ನಿಯಮದ ಪ್ರಕಾರ ದೊಡ್ಡ ಫ್ರೀ ಏಜೆಂಟ್‌ನನ್ನು ಕೊಂಡ ತಂಡ ತನ್ನ ಡ್ರಾಫ್ಟ್ ಸರದಿಯನ್ನು ಆಟಗಾರನನ್ನು ಕಳೆದುಕೊಂಡ ತಂಡಕ್ಕೆ ಬಿಟ್ಟುಕೊಡಬೇಕಿತ್ತು.

2008ರ ಕೊನೆಗೆ ಮಾರ್ಕ್ ಟೆಶೇರಾ ಏಂಜಲ್ಸ್ ಬಿಟ್ಟು 18 ಕೋಟಿ ಡಾಲರ್‌ಗೆ ನ್ಯೂಯಾರ್ಕ್ ಯಾಂಕೀಸ್ ಸೇರಿದರು. ಅದಕ್ಕೆ ಪರಿಹಾರವಾಗಿ ಯಾಂಕೀಸ್‌ನ ಸರದಿ ಏಂಜಲ್ಸ್‌ಗೆ ಸಿಕ್ಕಿತು. ಅದು 2009ರ ಡ್ರಾಫ್ಟ್‌ನ 25ನೇ ಆಯ್ಕೆ. ಆ ಆಯ್ಕೆಯಲ್ಲಿ ಅವರು ನ್ಯೂಜೆರ್ಸಿಯ 17 ವರ್ಷದ ಒಬ್ಬ ಹುಡುಗನನ್ನು ತಗೊಂಡರು. ಅವನೇ ಮೈಕ್ ಟ್ರೌಟ್. 2012ರಲ್ಲಿ, ಪೂಹೋಲ್ಸ್ ಏಪ್ರಿಲ್‌ನಲ್ಲಿ ಒದ್ದಾಡುತ್ತಿದ್ದಾಗ, ತಂಡಕ್ಕೆ ಕರೆಸಿಕೊಂಡ ಟ್ರೌಟ್ .326 ಸರಾಸರಿ, 30 ಹೋಮ್ ರನ್, 49 ಬೇಸ್ ಕಳವು (ಹೊಡೆತ ಇಲ್ಲದೆಯೇ ಮುಂದಿನ ಬೇಸ್‌ಗೆ ಓಡಿಬಿಡುವುದು) ಮಾಡಿ ವರ್ಷದ ಅತ್ಯುತ್ತಮ ಹೊಸಬನಾದರು. ಮರುವರ್ಷ ಅವರಿಗೆ ತಂಡ ಕೊಟ್ಟ ಸಂಬಳ 5,10,000 ಡಾಲರ್, ಲೀಗ್‌ನ ಕನಿಷ್ಠಕ್ಕಿಂತ 20 ಸಾವಿರ ಜಾಸ್ತಿ.

ಅಂದರೆ ಒಬ್ಬ ತಾರೆಯನ್ನು ಹೋಗಲು ಬಿಟ್ಟದ್ದಕ್ಕೆ ಟ್ರೌಟ್ ಸಿಕ್ಕಿದ್ದರು. ಈಗ ಚಕ್ರ ಹಿಂದಕ್ಕೆ ತಿರುಗಿತು. ಪೂಹೋಲ್ಸ್, ವಿಲ್ಸನ್ ಇಬ್ಬರನ್ನೂ ಕೊಂಡದ್ದರಿಂದ 2012ರ ಡ್ರಾಫ್ಟ್‌ನ ಮೊದಲ ಎರಡು ಸುತ್ತು ಏಂಜಲ್ಸ್‌ಗೆ ಖಾಲಿ. ಹ್ಯಾಮಿಲ್ಟನ್ ಬಂದದ್ದಕ್ಕೆ 2013ರ ಮೊದಲ ಸುತ್ತೂ ಹೋಯಿತು. ಏಂಜಲ್ಸ್ ಬಿಟ್ಟುಕೊಟ್ಟ 2012ರ 19ನೇ ಆಯ್ಕೆಯಲ್ಲಿ ಸೇಂಟ್ ಲೂಯಿಸ್ ತಗೊಂಡದ್ದು ಮೈಕಲ್ ವಾಕಾ ಅನ್ನೋ ಪಿಚರ್‌ನನ್ನು. 2013ರಲ್ಲಿ ಆ ಹುಡುಗ ನ್ಯಾಷನಲ್ ಲೀಗ್ ಫೈನಲ್ ಸರಣಿಯ ಅತ್ಯುತ್ತಮ ಆಟಗಾರನಾಗಿ ಸೇಂಟ್ ಲೂಯಿಸ್ ತಂಡವನ್ನು ವರ್ಲ್ಡ್ ಸೀರೀಸ್‌ಗೆ ಒಯ್ದ. ಏಂಜಲ್ಸ್ ಆ ವರ್ಷ 78 ಗೆದ್ದು 84 ಸೋತಿತ್ತು.

ಹ್ಯಾಮಿಲ್ಟನ್: ಬೇಕಿದ್ದದ್ದು ಪಿಚರ್, ತಂದದ್ದು ಬ್ಯಾಟರ್

ಪೂಹೋಲ್ಸ್ ಖರೀದಿಗೆ ಸಮರ್ಥನೆ ಹುಡುಕಬಹುದು. ಹ್ಯಾಮಿಲ್ಟನ್ ಖರೀದಿಗೆ ನನಗಂತೂ ಸಿಗುತ್ತಿಲ್ಲ.

2012ರಲ್ಲಿ ಏಂಜಲ್ಸ್ 89 ಪಂದ್ಯ ಗೆದ್ದೂ ಪ್ಲೇಆಫ್ ತಪ್ಪಿಸಿಕೊಂಡಿತು. 88 ಗೆದ್ದ ಡೆಟ್ರಾಯಿಟ್ ತನ್ನ ವಿಭಾಗ ಗೆದ್ದು ವರ್ಲ್ಡ್ ಸೀರೀಸ್ ತನಕ ಹೋಯಿತು. ಕೊರತೆ ಇದ್ದದ್ದು ಪಿಚಿಂಗ್‌ನಲ್ಲಿ. ಆ ಬೇಸಿಗೆಯಲ್ಲಿ ಎರವಲು ತಂದಂತೆ ತಂದಿದ್ದ ಝಾಕ್ ಗ್ರೈಂಕಿ ಸೀಸನ್ ಮುಗಿಯುತ್ತಿದ್ದಂತೆ ಫ್ರೀ ಏಜೆಂಟ್ ಆದರು. ಪಕ್ಕದ ಊರಿನ ಡಾಜರ್ಸ್ ಅವರನ್ನು 14.7 ಕೋಟಿಗೆ ಎತ್ತಿಕೊಂಡಿತು. ಡ್ಯಾನ್ ಹ್ಯಾರೆನ್, ಎರ್ವಿನ್ ಸಂತಾನ ಇಬ್ಬರೂ ಹೋದರು. ಆ ಜಾಗಕ್ಕೆ ಏಂಜಲ್ಸ್ ತಂದವರಲ್ಲಿ ಒಬ್ಬರು ಜೋ ಬ್ಲಾಂಟನ್, 2 ವರ್ಷಕ್ಕೆ 1.5 ಕೋಟಿ. 2013ರಲ್ಲಿ ಬ್ಲಾಂಟನ್ 2 ಗೆದ್ದು 14 ಸೋತರು.

ಔಟ್‌ಫೀಲ್ಡ್‌ನಲ್ಲಿ, ಅಂದರೆ ಹ್ಯಾಮಿಲ್ಟನ್ ಆಡುವ ಜಾಗದಲ್ಲಿ, ಏಂಜಲ್ಸ್‌ಗೆ ಜನರ ಕೊರತೆ ಇರಲಿಲ್ಲ. ಟ್ರೌಟ್ ಇದ್ದರು, ಪೀಟರ್ ಬೂರ್ಜಸ್ ಇದ್ದರು, ಮಾರ್ಕ್ ಟ್ರಂಬೊ ಇದ್ದರು. 2012ರಲ್ಲಿ .313 ಹೊಡೆದಿದ್ದ ಹಿರಿಯ ಟೋರಿ ಹಂಟರ್ ಅವರನ್ನು ಉಳಿಸಿಕೊಳ್ಳಲೂ ಇಲ್ಲ. ಹಂಟರ್ 2 ವರ್ಷಕ್ಕೆ 2.6 ಕೋಟಿಗೆ ಡೆಟ್ರಾಯಿಟ್ ಸೇರಿ ಮರುವರ್ಷ ಮತ್ತೆ .300 ದಾಟಿದರು. ಈ ಖರೀದಿಗೆ ಒತ್ತು ಕೊಟ್ಟದ್ದು ಆಟಗಾರರ ಆಯ್ಕೆ ನೋಡಿಕೊಳ್ಳುವ ಜನರಲ್ ಮ್ಯಾನೇಜರ್ ಅಲ್ಲ, ಮಾಲೀಕರೇ ಅಂತ ಆಗಲೇ ಪತ್ರಿಕೆಗಳಲ್ಲಿ ಬಂದಿತ್ತು.

ಇನ್ನು ಹ್ಯಾಮಿಲ್ಟನ್. 1999ರ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆ. ಆಮೇಲೆ ಮಾದಕ ವಸ್ತುವಿನ ಚಟ, ನಿಷೇಧ, ವರ್ಷಗಟ್ಟಲೆ ಆಟದಿಂದ ದೂರ. 2007ರಲ್ಲಿ ಮರಳಿ ಬಂದು, 2010ರಲ್ಲಿ ಟೆಕ್ಸಸ್ ಪರ .359 ಹೊಡೆದು ಎಂವಿಪಿ ಆದರು. 2012ರ ಮೇ 8ರಂದು ಬಾಲ್ಟಿಮೋರ್‌ನಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದರು. ಆ ವರ್ಷದ ಕೊನೆಗೆ 43 ಹೋಮ್ ರನ್, 128 ಆರ್‌ಬಿಐ, ಅಂದರೆ ಅವರ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್. ಕಾಗದದ ಮೇಲೆ ಭರ್ಜರಿ.

ಆದರೆ ಆ ವರ್ಷದ ಎರಡನೇ ಅರ್ಧ ಬೇರೆಯೇ ಕಥೆ. ಹೊಡೆಯಬಾರದ ಚೆಂಡಿಗೆಲ್ಲ ಬ್ಯಾಟ್ ಬೀಸುತ್ತಿದ್ದರು. 162 ಸಲ ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಬಿದ್ದು ಔಟ್, ಆದರು. ಅಕ್ಟೋಬರ್ 3ರಂದು ಓಕ್‌ಲ್ಯಾಂಡ್‌ನಲ್ಲಿ ವಿಭಾಗದ ಪಟ್ಟ ನಿರ್ಧಾರ ಆಗುವ ಪಂದ್ಯ. ನಾಲ್ಕನೇ ಇನಿಂಗ್ಸ್‌ನಲ್ಲಿ ಯೋಎನಿಸ್ ಸೆಸ್ಪೆಡೆಸ್ ಹೊಡೆದ ಚೆಂಡು ಮೇಲೆದ್ದು ಸೆಂಟರ್ ಫೀಲ್ಡ್‌ಗೆ ಬಂತು. ಹ್ಯಾಮಿಲ್ಟನ್ ಮುಂದೆ ಓಡಿ ಬಂದು ಕೈಗವಸು ಚಾಚಿದರು, ಸುಲಭದ ಕ್ಯಾಚ್. ಚೆಂಡು ಗವಸಿಗೆ ತಾಗಿ ಕೆಳಗೆ ಬಿತ್ತು. ಎರಡು ರನ್ ಓಡಿಬಂದವು, ಓಕ್‌ಲ್ಯಾಂಡ್ ಮುಂದೆ ಹೋಯಿತು, ಪಂದ್ಯವನ್ನೂ ವಿಭಾಗವನ್ನೂ ಗೆದ್ದಿತು. ಎರಡು ದಿನದ ನಂತರ ಬಾಲ್ಟಿಮೋರ್ ಎದುರಿನ ಒಂದೇ ಪಂದ್ಯದ ಪ್ಲೇಆಫ್‌ನಲ್ಲಿ ಟೆಕ್ಸಸ್ ಜನ ತಮ್ಮದೇ ಆಟಗಾರನಿಗೆ ಛೀ ಹಾಕಿದರು.

ಟೆಕ್ಸಸ್ ಐದು ವರ್ಷ ಈತನನ್ನು ಹತ್ತಿರದಿಂದ ನೋಡಿತ್ತು. ಎಲ್ಲಿಗೆ ಹೋದರೂ ಜೊತೆಗೆ ಒಬ್ಬ ನೆರವಿನ ವ್ಯಕ್ತಿಯನ್ನು ಇಟ್ಟು ನೋಡಿಕೊಂಡಿತ್ತು. ಆ ತಂಡವೇ ಇಷ್ಟು ಉದ್ದದ ಒಪ್ಪಂದಕ್ಕೆ ಮುಂದೆ ಬರಲಿಲ್ಲ. ಅಷ್ಟು ಚೆನ್ನಾಗಿ ಬಲ್ಲವರು ಹಿಂಜರಿದದ್ದೇ ಎಚ್ಚರಿಕೆ ಆಗಬೇಕಿತ್ತು.

2013ರಲ್ಲಿ ಹ್ಯಾಮಿಲ್ಟನ್ .250 ಹೊಡೆದು 21 ಹೋಮ್ ರನ್‌ಗೆ ಇಳಿದರು. 2014ರಲ್ಲಿ 10. ಆ ವರ್ಷ ಏಂಜಲ್ಸ್ 98 ಪಂದ್ಯ ಗೆದ್ದು ಲೀಗ್‌ನ ಅಗ್ರ ತಂಡವಾಗಿತ್ತು. ರಾಯಲ್ಸ್ ಎದುರಿನ ಮೂರು ಪಂದ್ಯಗಳಲ್ಲಿ ಹ್ಯಾಮಿಲ್ಟನ್ 13 ಸಲ ಬ್ಯಾಟ್ ಹಿಡಿದು ಒಂದೂ ಹಿಟ್ ಗಳಿಸಲಿಲ್ಲ. ನ್ಯಾಯವಾಗಿ ಹೇಳಬೇಕಾದರೆ ಟ್ರೌಟ್ ಗಳಿಸಿದ್ದೂ 12ಕ್ಕೆ ಒಂದೇ ಹಿಟ್. ಆದರೆ ಜನರ ನೆನಪಿನಲ್ಲಿ ಉಳಿದದ್ದು ಆ ಸೊನ್ನೆ.

2015ರ ಆರಂಭದಲ್ಲಿ ಚಟ ಮರುಕಳಿಸಿದ್ದನ್ನು ಹ್ಯಾಮಿಲ್ಟನ್ ತಾವೇ ಲೀಗ್‌ಗೆ ತಿಳಿಸಿದರು. ಶಿಕ್ಷೆ ಕೊಡಬಹುದೇ ಅನ್ನೋ ಪ್ರಶ್ನೆ ಮಧ್ಯಸ್ಥಗಾರರ ತನಕ ಹೋಗಿ, ಕೊಡುವಂತಿಲ್ಲ ಅಂತ ತೀರ್ಮಾನ ಆಯಿತು. ಏಂಜಲ್ಸ್ ಆಡಳಿತ ಆ ತೀರ್ಪಿಗೆ ಬಹಿರಂಗವಾಗಿಯೇ ಅಸಮಾಧಾನ ತೋರಿಸಿತು. ತನ್ನ ಆಟಗಾರ ಕಾಯಿಲೆಯ ಜೊತೆ ಹೋರಾಡುತ್ತಿರುವಾಗ ತಂಡ ಹಾಗೆ ನಡೆದುಕೊಂಡದ್ದು ಈ ಇಡೀ ಕಥೆಯ ಅತಿ ಅಸಹ್ಯ ಭಾಗ ಅಂತ ನನ್ನ ಅಭಿಪ್ರಾಯ. ಕೊಳ್ಳುವಾಗ ಈ ಚರಿತ್ರೆ ಎಲ್ಲರಿಗೂ ಗೊತ್ತೇ ಇತ್ತಲ್ಲ.

ಏಪ್ರಿಲ್‌ನಲ್ಲಿ ಅವರನ್ನು ಟೆಕ್ಸಸ್‌ಗೇ ವಾಪಸ್ ಕಳಿಸಿದರು. ಬಾಕಿ ಹಣದಲ್ಲಿ 6 ಕೋಟಿ ಡಾಲರ್‌ಗೂ ಜಾಸ್ತಿ ಏಂಜಲ್ಸ್ ತಲೆ ಮೇಲೇ ಉಳಿಯಿತು. ಆ ವರ್ಷ ಏಂಜಲ್ಸ್‌ನ ಲೆಫ್ಟ್ ಫೀಲ್ಡ್, ಹ್ಯಾಮಿಲ್ಟನ್ ಬಿಟ್ಟುಹೋದ ಜಾಗ, ಹಾಳು ಸುರಿಯಿತು. ಅಲ್ಲಿ ಆಡಿದ ಮ್ಯಾಟ್ ಜಾಯ್ಸ್ ಹೊಡೆದದ್ದು .174. ತಂಡ 85 ಗೆದ್ದಿತು. ಪ್ಲೇಆಫ್‌ನ ಕೊನೆಯ ಜಾಗ ಪಡೆದ ಹ್ಯೂಸ್ಟನ್ ಗೆದ್ದದ್ದು 86. ಸೀಸನ್‌ನ ಕೊನೆಯ ದಿನ ಏಂಜಲ್ಸ್ ಅನ್ನೇ ಸೋಲಿಸಿ ವಿಭಾಗ ಗೆದ್ದದ್ದು ಟೆಕ್ಸಸ್. ಆ ತಂಡದಲ್ಲಿ ಏಂಜಲ್ಸ್ ಸಂಬಳದ ಹ್ಯಾಮಿಲ್ಟನ್ ಇದ್ದರು.

ವಿಲ್ಸನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2013ರಲ್ಲಿ 17 ಗೆದ್ದು 7 ಸೋತರು, ಕೊಟ್ಟ ದುಡ್ಡಿಗೆ ಸುಮಾರಾಗಿ ಕೆಲಸ ಮಾಡಿದರು, ಕೊನೆಯ ವರ್ಷ ಗಾಯದಿಂದ ಆಡಲೇ ಇಲ್ಲ. ನಾಲ್ವರಲ್ಲಿ ಇದ್ದುದರಲ್ಲಿ ವಾಸಿ.

ರೆಂಡಾನ್: ಇದು ಬರೀ ದುರದೃಷ್ಟವಾ?

2019ರ ಡಿಸೆಂಬರ್‌ನಲ್ಲಿ ಏಂಜಲ್ಸ್‌ಗೆ ಬೇಕಿದ್ದದ್ದು ಗೆರಿಟ್ ಕೋಲ್. ಪಿಚರ್, ಅದೂ ಅನಹೈಮ್ ಇರುವ ಆರೆಂಜ್ ಕೌಂಟಿಯಲ್ಲೇ ಬೆಳೆದ ಹುಡುಗ. ಯಾಂಕೀಸ್ 9 ವರ್ಷಕ್ಕೆ 32.4 ಕೋಟಿ ಕೊಟ್ಟು ಎತ್ತಿಕೊಂಡಿತು. ಮರುದಿನವೇ ಏಂಜಲ್ಸ್ ರೆಂಡಾನ್ ಜೊತೆ ಒಪ್ಪಂದ ಮಾಡಿಕೊಂಡಿತು. ಕ್ರಾಫರ್ಡ್ ಸಿಗಲಿಲ್ಲ ಅಂತ ವೆಲ್ಸ್, ಕೋಲ್ ಸಿಗಲಿಲ್ಲ ಅಂತ ರೆಂಡಾನ್. ಕೈತಪ್ಪಿದ ಸಿಟ್ಟಿಗೆ ಇನ್ನೊಂದು ಕೊಳ್ಳುವ ಚಾಳಿ.

ಆದರೆ ರೆಂಡಾನ್ ಆಯ್ಕೆ ಆ ಹೊತ್ತಿಗೆ ತಪ್ಪಾಗಿ ಕಾಣುತ್ತಿರಲಿಲ್ಲ. ವಯಸ್ಸು 29. ಆಗಷ್ಟೇ ವಾಷಿಂಗ್ಟನ್ ನ್ಯಾಷನಲ್ಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದಿದ್ದರು. ಆ ವರ್ಷ .319 ಸರಾಸರಿ, 34 ಹೋಮ್ ರನ್, ಎರಡೂ ಲೀಗ್‌ನಲ್ಲಿ ಅತಿ ಹೆಚ್ಚು 126 ಆರ್‌ಬಿಐ. ಅದೇ ವಾರ ವಾಷಿಂಗ್ಟನ್ ತನ್ನ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್‌ಗೂ 7 ವರ್ಷ, 24.5 ಕೋಟಿಯ ಒಪ್ಪಂದವನ್ನೇ ಕೊಟ್ಟಿತ್ತು. ಆಮೇಲೆ ಸ್ಟ್ರಾಸ್‌ಬರ್ಗ್ ಪಿಚ್ ಮಾಡಿದ್ದು ಎಂಟೇ ಪಂದ್ಯ. ಹಾಗಾಗಿ ಏಂಜಲ್ಸ್ ಮಾತ್ರ ದಡ್ಡರು ಅನ್ನುವಂತಿಲ್ಲ.

ಕೊರೋನಾದಿಂದ 60 ಪಂದ್ಯಕ್ಕೆ ಮೊಟಕಾದ 2020ರಲ್ಲಿ ರೆಂಡಾನ್ 52 ಆಡಿದರು, ಚೆನ್ನಾಗಿಯೇ ಆಡಿದರು. ಆಮೇಲೆ 162 ಪಂದ್ಯಗಳ ಸೀಸನ್‌ಗಳಲ್ಲಿ ಆಡಿದ್ದು 58, 47, 43, 57. ಸೊಂಟ, ಮಣಿಕಟ್ಟು, ಮೊಣಕಾಲ ಕೆಳಗಿನ ಮೂಳೆ, ತೊಡೆಯ ಸ್ನಾಯು, ಒಂದಾದ ಮೇಲೊಂದು. 2025ರಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯಿಂದ ಒಂದು ಪಂದ್ಯವೂ ಇಲ್ಲ. ಆ ಹೊತ್ತಿಗೆ ವರ್ಷಕ್ಕೆ 3.8 ಕೋಟಿ ಡಾಲರ್ ಸಂಬಳ.

ಕೈಯಲ್ಲಿ ಕಲೆ ಇರಲಿಲ್ಲ ಅಂತ ಯಾರೂ ಹೇಳಲಾರರು. 2022ರ ಮೇ 10ರ ಪಂದ್ಯ ನೋಡಿ. ಟ್ಯಾಂಪಾ ಬೇ ಎದುರು ಏಂಜಲ್ಸ್‌ನ ಹೊಸ ಪಿಚರ್ ರೀಡ್ ಡೆಟ್ಮರ್ಸ್ ಒಂದೂ ಹಿಟ್ ಬಿಡದೆ ಆಡುತ್ತಿದ್ದರು. ಪಂದ್ಯ ಕೈಬಿಟ್ಟುಹೋಗಿದ್ದರಿಂದ ಟ್ಯಾಂಪಾ ತನ್ನ ಔಟ್‌ಫೀಲ್ಡರ್ ಬ್ರೆಟ್ ಫಿಲಿಪ್ಸ್ ಅವರನ್ನೇ ಪಿಚ್ ಮಾಡಲು ನಿಲ್ಲಿಸಿತು. ಎಂಟನೇ ಇನಿಂಗ್ಸ್‌ನಲ್ಲಿ ರೆಂಡಾನ್ ಬಂದರು. ಹುಟ್ಟಾ ಬಲಗೈ ಬ್ಯಾಟರ್. ಆವತ್ತು ತಮಾಷೆಗೆ ಪ್ಲೇಟ್‌ನ ಇನ್ನೊಂದು ಬದಿಗೆ ಹೋಗಿ ಎಡಗೈಯಲ್ಲಿ ನಿಂತರು, ಮೇಜರ್ ಲೀಗ್‌ನಲ್ಲಿ ಮೊದಲ ಸಲ. ಚೆಂಡು ಮೆಲ್ಲಗೆ ತೇಲಿ ಬಂತು. ರೆಂಡಾನ್ ಬೀಸಿದರು, ಹೋಮ್ ರನ್. ಡಗ್‌ಔಟ್‌ನಲ್ಲಿ ಹುಚ್ಚು ನಗು. ಅದೇ ಸೀಸನ್‌ನಲ್ಲಿ ಮಣಿಕಟ್ಟಿನ ಶಸ್ತ್ರಚಿಕಿತ್ಸೆ ಆಯಿತು.

2024ರ ಶುರುವಿನಲ್ಲಿ ಬೇಸ್‌ಬಾಲ್ ನನಗೆ ಎಂದೂ ಮೊದಲ ಆದ್ಯತೆ ಆಗಿರಲಿಲ್ಲ, ಇದು ಕೆಲಸ, ನಂಬಿಕೆ ಮತ್ತು ಕುಟುಂಬ ಮೊದಲು ಅನ್ನೋ ಅರ್ಥದ ಮಾತಾಡಿ ಅಭಿಮಾನಿಗಳ ಸಿಟ್ಟು ಎದುರಿಸಿದರು. ಆ ಮಾತಿನಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ನಾವೆಲ್ಲರೂ ಕೆಲಸದ ಬಗ್ಗೆ ಹಾಗೇ ಅಂದುಕೊಳ್ಳುವವರು. ಚೆನ್ನಾಗಿ ಆಡುತ್ತಿದ್ದರೆ ಅದೇ ಮಾತನ್ನು ಜನ ಪ್ರಬುದ್ಧತೆ ಅನ್ನುತ್ತಿದ್ದರು.

ಲಾಭ ಯಾರಿಗೆ, ನಷ್ಟ ಯಾರಿಗೆ

ವ್ಯಾಪಾರದ ಕಣ್ಣಿನಲ್ಲಿ ನೋಡಿದರೆ ಚಿತ್ರ ಬೇರೆ. ಪೂಹೋಲ್ಸ್ ಬಂದ ಹೊತ್ತಿಗೇ ಏಂಜಲ್ಸ್ ಟಿವಿ ಹಕ್ಕುಗಳಿಗಾಗಿ ಸುಮಾರು 300 ಕೋಟಿ ಡಾಲರ್‌ನ ದೀರ್ಘ ಒಪ್ಪಂದ ಮಾಡಿಕೊಂಡಿದೆ ಅಂತ ವರದಿಯಾಗಿತ್ತು. 2003ರಿಂದ 2019ರ ತನಕ ಪ್ರತಿ ವರ್ಷ 30 ಲಕ್ಷಕ್ಕೂ ಜಾಸ್ತಿ ಜನ ಸ್ಟೇಡಿಯಂಗೆ ಬಂದರು. ಜಾಹೀರಾತು ಫಲಕ ಮಾರಿದ ಮನುಷ್ಯನಿಗೆ ದೊಡ್ಡ ಮುಖದ ಬೆಲೆ ಗೊತ್ತಿತ್ತು. ಮಾಲೀಕರ ಗಲ್ಲಾಪೆಟ್ಟಿಗೆಗೆ ಈ ಖರೀದಿಗಳು ಅಷ್ಟೇನೂ ಹೊಡೆತ ಕೊಡಲಿಲ್ಲ.

ಬೆಲೆ ತೆತ್ತದ್ದು ತಂಡ. ವೆಲ್ಸ್ ಬಂದಾಗ ಜನರಲ್ ಮ್ಯಾನೇಜರ್ ಟೋನಿ ರೇಗಿನ್ಸ್. ಪೂಹೋಲ್ಸ್, ಹ್ಯಾಮಿಲ್ಟನ್ ಕಾಲದಲ್ಲಿ ಜೆರ್ರಿ ಡಿಪೋಟೊ. ರೆಂಡಾನ್ ಬಂದಾಗ ಬಿಲ್ಲಿ ಎಪ್ಲರ್. ಆಮೇಲೆ ಪೆರ್ರಿ ಮಿನೇಸಿಯನ್. ಕುರ್ಚಿಯಲ್ಲಿ ಕೂತವರು ಬದಲಾದರು, ಚಾಳಿ ಬದಲಾಗಲಿಲ್ಲ. ಎಲ್ಲ ಕಾಲಕ್ಕೂ ಮಾಲೀಕರು ಒಬ್ಬರೇ. 2021ರ ಡ್ರಾಫ್ಟ್‌ನಲ್ಲಿ ಏಂಜಲ್ಸ್ ತನ್ನ 20 ಆಯ್ಕೆಗಳಲ್ಲೂ ಪಿಚರ್‌ಗಳನ್ನೇ ತಗೊಂಡಿತು. ಇಪ್ಪತ್ತಕ್ಕೆ ಇಪ್ಪತ್ತು! ಹತ್ತು ವರ್ಷದ ಹಸಿವು ಎಷ್ಟಿತ್ತು ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಎಲ್ಲ ಸೋಲನ್ನೂ ಈ ನಾಲ್ವರ ತಲೆಗೆ ಕಟ್ಟುವುದೂ ಸರಿಯಲ್ಲ. 2021ರಿಂದ ಟ್ರೌಟ್ ತಾವೇ ಪದೇ ಪದೇ ಗಾಯಗೊಂಡರು. ಕಿರಿಯರನ್ನು ಬೆಳೆಸುವ ವ್ಯವಸ್ಥೆ ಸೊರಗಿತ್ತು. ಆದರೆ ಒಂದು ಲೆಕ್ಕ ಎದ್ದು ಕಾಣುತ್ತದೆ. ಟ್ರೌಟ್ ಬಂದದ್ದು ಪರಿಹಾರದ ಆಯ್ಕೆಯಲ್ಲಿ. ಒಹ್ತಾನಿ ಬಂದದ್ದು 2017ರ ಡಿಸೆಂಬರ್‌ನಲ್ಲಿ. 25 ತುಂಬದ ವಿದೇಶಿ ಆಟಗಾರರ ಮೇಲಿನ ಮಿತಿಯಿಂದಾಗಿ ಅವರ ಸಹಿ ಹಣ ಸುಮಾರು 23 ಲಕ್ಷ ಡಾಲರ್, ಮೊದಲ ವರ್ಷದ ಸಂಬಳ ಲೀಗ್‌ನ ಕನಿಷ್ಠ. ಎಲ್ಲರಿಗಿಂತ ದೊಡ್ಡ ಆಟಗಾರರಿಬ್ಬರೂ ಹೆಚ್ಚುಕಮ್ಮಿ ಪುಕ್ಕಟೆಯಾಗಿ ಸಿಕ್ಕವರು. ಪೂರ್ತಿ ಬೆಲೆ ಕೊಟ್ಟು ತಂದವರು ಕೈಕೊಟ್ಟರು.

ಒಹ್ತಾನಿಯ ಒಪ್ಪಂದ 2023ಕ್ಕೆ ಮುಗಿಯುವುದಿತ್ತು. ಅವರನ್ನು ಮಾರದೆ, ಜುಲೈನಲ್ಲಿ ಕಿರಿಯ ಆಟಗಾರರನ್ನು ಕೊಟ್ಟು ಪಿಚರ್‌ಗಳನ್ನು ತಂದು ಕೊನೆಯ ಪ್ರಯತ್ನ ಮಾಡಿದರು. ಆಗಸ್ಟ್‌ನಲ್ಲಿ ತಂಡ ಕುಸಿಯಿತು, ಒಹ್ತಾನಿಯ ಮೊಣಕೈಯ ಅಸ್ಥಿರಜ್ಜು (ಲಿಗಮೆಂಟ್) ಹರಿಯಿತು. ತಿಂಗಳ ಕೊನೆಗೆ ಹೊಸದಾಗಿ ತಂದವರನ್ನೂ ಸೇರಿಸಿ ಹಲವರನ್ನು ಬೇರೆ ತಂಡಗಳು ಪುಕ್ಕಟೆ ಎತ್ತಿಕೊಳ್ಳಲಿ ಅಂತ ಬಿಟ್ಟರು, ಲಕ್ಷುರಿ ಟ್ಯಾಕ್ಸ್ ಗೆರೆಯ ಕೆಳಗೆ ಇಳಿಯಲು. ಗೆರೆ ದಾಟಿದ ತಂಡಕ್ಕೆ ಪರಿಹಾರದ ಡ್ರಾಫ್ಟ್ ಆಯ್ಕೆ ತುಂಬಾ ಹಿಂದಕ್ಕೆ ಹೋಗುತ್ತದೆ. ಡಿಸೆಂಬರ್‌ನಲ್ಲಿ ಒಹ್ತಾನಿ 10 ವರ್ಷಕ್ಕೆ 70 ಕೋಟಿ ಡಾಲರ್‌ಗೆ ಡಾಜರ್ಸ್ ಸೇರಿದರು. ಅದಕ್ಕೆ ಪ್ರತಿಯಾಗಿ ಏಂಜಲ್ಸ್‌ಗೆ ಸಿಕ್ಕಿದ್ದು 2024ರ ಡ್ರಾಫ್ಟ್‌ನ 74ನೇ ಆಯ್ಕೆ. ಆ ಆಯ್ಕೆಯಲ್ಲಿ ರಾಯನ್ ಜಾನ್ಸನ್ ಅನ್ನೋ ಕಾಲೇಜು ಪಿಚರ್‌ನನ್ನು ತಗೊಂಡರು. ಕೆಳಗಿನ ಲೀಗ್‌ನಲ್ಲಿ ಒಂದೂ ಪಂದ್ಯ ಆಡಿಸದೆ 2025ರಲ್ಲಿ ನೇರವಾಗಿ ಮುಖ್ಯ ತಂಡಕ್ಕೆ ಇಳಿಸಿದರು. ಹೊಡೆತ ತಿಂದ ಮೇಲೆ, ಕಲಿತು ಬರಲಿ ಅಂತ ಕೆಳಗಿನ ಲೀಗ್‌ಗೆ ಕಳಿಸಿದರು.